ಗವಾಯಿಗಳ ಮೇಲಿನ ದೂರುಗಳು

ಕಮಲಾಪುರ
೮ ಜನವರಿ ೨೦೨೪

ಸುಮಂಗಲಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಯಾರದೆಂದು ನಿನಗೆ ಗೊತ್ತಾಗಿರಬೇಕು. ಬಿ.ಎಡ್. ಓದುವಾಗ ನನ್ನ ಅಕ್ಷರಗಳಿಗೆಲ್ಲ ಬೆನ್ನು ಗೂನು ಎನ್ನುತ್ತಿದ್ದೆ. ಮೂವತ್ತನಾಲ್ಕು ವರ್ಷ ಹುಡುಗಿಯರಿಗೆ ಕನ್ನಡ ಕಲಿಸಿದೆ. ಗೂನು ಹೋಗಲಿಲ್ಲ.

ನಾವು ಕೊನೆಯ ಸಲ ಭೇಟಿಯಾದದ್ದು ನಮ್ಮ ಮನೆಯೊಡತಿ ಕಸ್ತೂರಿಬಾಯಿ ತೀರಿಕೊಂಡಾಗ, ಬ್ರಹ್ಮಪುರದ ಅವರ ಮನೆಯ ಅಂಗಳದಲ್ಲಿ. ಒಂಬತ್ತು ವರ್ಷವಾಯಿತು. ಒಂದು ಕಾಲಕ್ಕೆ ನಮ್ಮದಾಗಿದ್ದ ಮಾಳಿಗೆಯ ಕೋಣೆಯನ್ನು ಅಂದು ಇಬ್ಬರೂ ತಲೆಯೆತ್ತಿ ನೋಡಿದೆವು. ಇಬ್ಬರೂ ಮೆಟ್ಟಿಲು ಹತ್ತಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ಕಿವಿ ಕೇಳುವುದಿಲ್ಲ. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಗೆ ಮಷಿನ್ ಇದೆ. ಎದುರಿಗೆ ಕುಳಿತು ಸಾವಕಾಶವಾಗಿ ಮಾತಾಡಿದರೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ಹಾಡು ಮಾತ್ರ ಪಕ್ಕದ ಮನೆಯಲ್ಲಿ ಹಿಟ್ಟಿನ ಗಿರಣಿ ನಡೆದ ಹಾಗೆ ಕೇಳಿಸುತ್ತದೆ. ನಮ್ಮ ಮನೆಯವರು, ಮಕ್ಸೂದ್, ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದು ತೋರಿಸುತ್ತಾರೆ. ಬಸ್ಸಿನ ಕಂಡಕ್ಟರ್ ಆಗಿದ್ದವರಲ್ಲವೇ, ಚೀಟಿಯೂ ಟಿಕೆಟ್ಟಿನಷ್ಟೇ ಇರುತ್ತದೆ. ‘ಚಾ?’ ‘ಕರೆಂಟ್ ಹೋಗ್ಯದ.’ ‘ನಿನ್ನ ತಂಗಿ ಫೋನು.’

ಮಾಣಿಕಪ್ಪ ಗವಾಯಿಗಳ ಮೊಮ್ಮಗಳು ಅಂಬಿಕಾ ಇಲ್ಲಿಯ ಶಾಲೆಯೊಂದರಲ್ಲಿ ಟೀಚರ್. ಅಜ್ಜ ಹೋಗಿ ಹತ್ತು ವರ್ಷದ ಮೇಲೆ ಅಟ್ಟದಲ್ಲಿ ಹನ್ನೊಂದು ಕ್ಯಾಸೆಟ್ ಸಿಕ್ಕವಂತೆ. ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಹೋದ ತಿಂಗಳು ನಮ್ಮ ಮನೆಗೆ ಬಂದಳು. "ಕೇಳ್ರಿ ಟೀಚರ್, ಆವಾಜ್ ಫುಲ್ ಇಟ್ಟೀನಿ," ಅಂದಳು. ನಾನು ಕಣ್ಣು ಮುಚ್ಚಿ ತಲೆ ಆಡಿಸಿದೆ. ಖುಷಿಪಟ್ಟು ಹೋದಳು. ಅವಳು ಹೋದ ಮೇಲೆ ಅವರ ಧ್ವನಿಯನ್ನು ನೆನಪು ಮಾಡಿಕೊಳ್ಳಲು ಕುಳಿತೆ. ಪದಗಳು ನೆನಪಿವೆ. ರಾಗ ನೆನಪಿದೆ. ತೊಡೆಯ ಮೇಲೆ ತಾಳ ಹಾಕುವ ಅವರ ಬೆರಳುಗಳೂ ನೆನಪಿವೆ. ಧ್ವನಿ ಇಲ್ಲ, ಸುಮಂಗಲಾ. ಬಾಯಿ ತೆರೆಯುತ್ತಾರೆ, ಏನೂ ಬರುವುದಿಲ್ಲ.

ಅವರಿಗೆ ತಬಲಾ ನುಡಿಸುತ್ತಿದ್ದ ನಬಿಸಾಬ್ ಚಾಚಾ ಇನ್ನೂ ಇದ್ದಾರೆ. ಹೋಗಿ ಕೇಳಿದೆ, "ಗವಾಯಿಗೋಳ ಆವಾಜ್ ಹ್ಯಾಂಗಿತ್ತು ಚಾಚಾ?" ಅವರು ಆಕಾಶ ನೋಡಿದರು, ಕಣ್ಣು ತುಂಬಿಕೊಂಡರು, ಏನೋ ಅಂದರು. ಮಕ್ಸೂದ್ ಅದನ್ನು ಬರೆದು ತೋರಿಸಿದರು: ‘ಅಮೃತ.’ ಇನ್ನೂ ನಾಲ್ಕು ಮಂದಿಯನ್ನು ಕೇಳಿದೆ. ಒಬ್ಬರು ಗಂಧರ್ವ ಅಂದರು, ಇನ್ನೊಬ್ಬರು ಜೇನು ಅಂದರು. ಅಮೃತಕ್ಕೂ ಜೇನಿಗೂ ಶಬ್ದ ಎಲ್ಲಿದೆ?

ಆಗ ನೀನು ನೆನಪಾದೆ. ಈ ಎರಡೂ ತಾಲೂಕಿನಲ್ಲಿ ಅವರ ಹಾಡು ಸೇರದವಳು ನೀನೊಬ್ಬಳೇ. ಸೇರದ್ದನ್ನು ಮನುಷ್ಯ ಸರಿಯಾಗಿ ಕೇಳಿರುತ್ತಾನೆ. ಪೆನ್‌ಡ್ರೈವ್ ಕಳಿಸುತ್ತೇನೆ. ಕೇಳಿ, ನಿನಗೆ ಎಲ್ಲೆಲ್ಲಿ ಕಿರಿಕಿರಿಯಾಗುತ್ತದೆಯೋ ಅದನ್ನು ಬರೆ. ಮೊಬೈಲ್‌ನಲ್ಲಿ ಬೇಡ. ಅದರಲ್ಲಾದರೆ ನೀನು ಎರಡು ಸಾಲು ಬರೆದು ಹೆಬ್ಬೆರಳಿನ ಚಿತ್ರ ಒತ್ತಿ ಮುಗಿಸುತ್ತೀ.

ಜೀನತ್


ಜೇವರ್ಗಿ ಕಾಲೋನಿ, ಕಲಬುರಗಿ
೧೭ ಜನವರಿ ೨೦೨೪

ಜೀನತ್,

ನಿನ್ನ ಪತ್ರ ಶುಕ್ರವಾರವೇ ಬಂತು. ಉತ್ತರಕ್ಕೆ ಐದು ದಿನ ಹಿಡಿಯಿತು. ಕಿವಿಯ ಬಗ್ಗೆ ಹೇಳಬಹುದಾದ ಮಾತುಗಳನ್ನೆಲ್ಲ ಯಾರಾದರೂ ನಿನಗೆ ಈಗಾಗಲೇ ಹೇಳಿರುತ್ತಾರೆ. ನಾನು ಅವುಗಳಲ್ಲಿ ಒಂದನ್ನೂ ಬರೆಯುವುದಿಲ್ಲ.

ಹೌದು, ಮಾಣಿಕಪ್ಪ ಗವಾಯಿಗಳ ಹಾಡು ನನಗೆ ಸೇರುತ್ತಿರಲಿಲ್ಲ, ಈಗಲೂ ಸೇರುವುದಿಲ್ಲ. ಹೊರಗೆ ಹೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಈ ಊರಿನಲ್ಲಿ ದೇವರಿಲ್ಲ ಅಂದರೆ ಜನ ಕುಳಿತು ವಾದಿಸುತ್ತಾರೆ. ಗವಾಯಿಗಳು ಚೆನ್ನಾಗಿ ಹಾಡುವುದಿಲ್ಲ ಅಂದರೆ ಎದ್ದು ಹೋಗುತ್ತಾರೆ. ಬ್ರಹ್ಮಪುರದ ಮನೆಯಲ್ಲಿ ಸಂಜೆ ರೇಡಿಯೋದಲ್ಲಿ ಅವರ ಪದ ಬಂದಾಗ ನಾನು ಕಿಟಕಿ ಮುಚ್ಚಿದ್ದು ನೆನಪಿದೆಯೇ? ಕಸ್ತೂರಿಬಾಯಿ ಕೆಳಗಿನಿಂದಲೇ ಕೂಗಿದ್ದರು: "ಏ ಸುಮಂಗಲಾ, ಗವಾಯಿಗೋಳು ಹಾಡಾಕತ್ತಾಗ ಕಿಡಕಿ ಮುಚ್ಚತಿ? ನಾಲಿಗಿಗಿ ಹುಣ್ಣ ಆಗ್ತಾವ ನೋಡು." ಮರುದಿನ ನಿಜವಾಗಿಯೂ ನಾಲಿಗೆಗೆ ಹುಣ್ಣಾಯಿತು. ಹಿಂದಿನ ದಿನ ನೀನು ಮಾಡಿದ ಹಸಿಮೆಣಸಿನಕಾಯಿ ಚಟ್ನಿ ಅದಕ್ಕೆ ಕಾರಣ ಎಂದು ನಾನು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ನೀನು ಮೆಟ್ಟಿಲ ಮೇಲೆ ಕುಳಿತು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆ.

ಗ್ರಂಥಾಲಯದ ಕೆಲಸದಿಂದ ನಿವೃತ್ತಳಾದ ಮೇಲೆ ಕಿರಿಕಿರಿಗಳಿಗೆ ನನ್ನಲ್ಲಿ ಬರವಿಲ್ಲ. ಪಕ್ಕದ ಮನೆಯ ಟ್ಯೂಷನ್ ಮಕ್ಕಳು ಚಪ್ಪಲಿಯನ್ನು ಜೋಡಿ ತಪ್ಪಿಸಿ ಬಿಡುತ್ತಾರೆ. ನಮ್ಮ ಯಜಮಾನರು ಆನಂದಕುಮಾರ ಚಹಾವನ್ನು ಬಸಿಗೆ ಸುರಿದು ಸುರ್ರೆಂದು ಕುಡಿಯುತ್ತಾರೆ. ಅನುವಾದದ ಕಾದಂಬರಿಗಳನ್ನು ಪೆನ್ಸಿಲ್ ಹಿಡಿದು ಓದುತ್ತೇನೆ. ನಿನ್ನೆ ಓದಿದ್ದರಲ್ಲಿ ಹಿಮ ಬೀಳುವ ಹಳ್ಳಿಯ ಮುದುಕಿಯೊಬ್ಬಳು ಟಿವಿಯ ನಿರೂಪಕಿಯ ಹಾಗೆ ಮಾತಾಡುತ್ತಾಳೆ. ಇದರ ಮೇಲೆ ಹನ್ನೊಂದು ಕ್ಯಾಸೆಟ್ ಗವಾಯಿಗಳು. ಆಗಲಿ, ಕಳಿಸು.

ಒಂದೇ ಷರತ್ತು. ಕೊನೆಗೆ ನಾನು ಅವರನ್ನು ಮೆಚ್ಚಬೇಕು ಎಂದು ನಿರೀಕ್ಷಿಸಬಾರದು.

ಆ ಮಾಳಿಗೆಯಲ್ಲಿದ್ದ ವರ್ಷ ನಾನು ಆಡಿದ ಒಂದು ಮಾತು ನನಗೆ ನೆನಪಿದೆ. ಅದನ್ನು ಈ ಪತ್ರದಲ್ಲಿ ಬರೆಯುವುದಿಲ್ಲ.

ಸುಮಂಗಲಾ


ಜೇವರ್ಗಿ ಕಾಲೋನಿ
೬ ಫೆಬ್ರುವರಿ ೨೦೨೪

ಜೀನತ್,

ಅಂಬಿಕಾ ಪೆನ್‌ಡ್ರೈವನ್ನೂ ಕೆಂಪು ಬಾಳೆಹಣ್ಣಿನ ಎರಡು ಚಿಪ್ಪನ್ನೂ ಕೊಟ್ಟು ಹೋದಳು. ಹಣ್ಣು ಚೆನ್ನಾಗಿದ್ದವು. ಮೂರು ಕ್ಯಾಸೆಟ್ ಮುಗಿಸಿದ್ದೇನೆ.

ಹಾಡುವ ಮೊದಲು ಅವರು ಮೂರು ಸಲ ಗಂಟಲು ಸರಿಮಾಡಿಕೊಳ್ಳುತ್ತಾರೆ. ಮೂರನೆಯದು ಆಗಲೇ ಶ್ರುತಿಯಲ್ಲಿರುತ್ತದೆ. ಹಾಡು ಶುರುವಾಯಿತೋ ಕೆಮ್ಮು ಮುಗಿಯಿತೋ ಯಾರಿಗೂ ತಿಳಿಯುವುದಿಲ್ಲ, ತಬಲಾದವರಿಗೂ ಸಹ. ನಬಿಸಾಬರು ಪ್ರತಿ ಸಲ ಅರ್ಧ ಮಾತ್ರೆ ತಡವಾಗಿ ಸೇರುತ್ತಾರೆ. ತಪ್ಪು ಅವರದಲ್ಲ.

ಮೂಗಿನಲ್ಲಿ ಹಾಡುತ್ತಾರೆ ಎಂದು ನಾನು ಆಗ ಹೇಳುತ್ತಿದ್ದೆನಲ್ಲ, ಅದು ಅರ್ಧ ಸರಿ. ನಡುವಿನ ಸ್ವರಗಳಲ್ಲಿ ಮಾತ್ರ ಮೂಗು. ಮೇಲೆ ಹೋದಂತೆ ಮೂಗು ಮುಚ್ಚುತ್ತದೆ, ಧ್ವನಿ ಅಂಗಳದ ಹಿಂದಿನಿಂದ ಬರುತ್ತದೆ—ಬಾಯಿಯ ಅಂಗಳ—ಬಾವಿಗೆ ಇಳಿದವನು ಮೇಲಿನವರಿಗೆ ಹಗ್ಗ ಬಿಡಿ ಎಂದು ಕೂಗಿದ ಹಾಗೆ. ಸಾಲಿನ ಕೊನೆಯ ಸ್ವರವನ್ನು ಬಿಡುವುದೇ ಇಲ್ಲ. ಬಿಟ್ಟರು ಎಂದುಕೊಳ್ಳುವಾಗ ತುಟಿ ಮುಚ್ಚಿ ಒಂದು ‘ಮ್’ ಸೇರಿಸುತ್ತಾರೆ. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಬೀಗ ಜಗ್ಗಿ ನೋಡುವವರು ಇರುತ್ತಾರಲ್ಲ, ಹಾಗೆ. ಒಂದು ಪದದಲ್ಲಿ ಇಪ್ಪತ್ತೊಂದು ಸಲ ಬೀಗ ಜಗ್ಗಿದ್ದನ್ನು ಎಣಿಸಿದ್ದೇನೆ.

ಉಸಿರನ್ನು ಸಾಲಿನ ಕೊನೆಯಲ್ಲಿ ತೆಗೆದುಕೊಳ್ಳದೆ ಶಬ್ದದ ನಡುವೆ ತೆಗೆದುಕೊಳ್ಳುತ್ತಾರೆ. ತಾನು ಹಾಡಿದ್ದು ತನಗೇ ಹಿಡಿಸಿದರೆ ಸಣ್ಣಗೆ ‘ಹಾಂ’ ಅನ್ನುತ್ತಾರೆ, ಬೇರೆಯವರು ಹೇಳುವುದಕ್ಕಿಂತ ಮೊದಲು. ಮೊದಲ ಕ್ಯಾಸೆಟ್‌ನಲ್ಲಿ ಒಬ್ಬ ಮಹಾಶಯ ಪ್ರತಿ ಸಾಲು ಮುಗಿಯುವ ಮುಂಚೆಯೇ ‘ಕ್ಯಾ ಬಾತ್ ಹೈ’ ಅನ್ನುತ್ತಾನೆ. ಈತ ಇನ್ನೂ ಬದುಕಿದ್ದರೆ ವಿಳಾಸ ಕಳಿಸು.

ಇನ್ನು ಹಿಂದೆ ತಂಬೂರಿ ಹಿಡಿದು ಷಡ್ಜ ಒಂದನ್ನೇ ಹಾಡುವ ಹೆಂಗಸು. ಗವಾಯಿಗಳು ನಿಲ್ಲಿಸಿದಾಗ ಆಕೆ ತಡವಾಗಿ ನಿಲ್ಲಿಸುತ್ತಾಳೆ. ಪ್ರತಿ ಸಲ.

ನಿನ್ನೆ ಕೇಳುತ್ತ ಕುಳಿತಾಗ ಆನಂದಕುಮಾರ ಬಸಿ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. "ಯಾನ್ರಿ ಲೈಬ್ರರಿ ಮೇಡಂ, ಕಡೀಕೂ ಗವಾಯಿಗೋಳ ಪಾದಕ್ಕ ಬಿದ್ರಿ?"

"ಬಿದ್ದಿಲ್ಲ. ತಪ್ಪು ಬರಕೊಳ್ಳಾಕತ್ತೀನಿ."

"ಅವರದಾ? ಪಟ್ಟಿ ಸಾಲ್ತದೇನು?"

"ನಿಮ್ಮದಾದ್ರ ಸಾಲೂದಿಲ್ಲ. ಸುರ್ರ್ ಅನಬ್ಯಾಡ್ರಿ, ಕೇಳಸವಲ್ದು."

ಸುಮಂಗಲಾ


ಕಮಲಾಪುರ
೧೫ ಫೆಬ್ರುವರಿ ೨೦೨೪

ಸುಮಂಗಲಾ,

ಟಪಾಲು ಬಂದಾಗ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಒಡೆದು ಓದಿದೆ. ಬೀಗ ಜಗ್ಗುವವರ ಸಾಲಿಗೆ ಬಂದೆ, ಕೇಳಿಸಿತು. ಸುಳ್ಳು ಹೇಳುತ್ತಿಲ್ಲ. ಆ ‘ಮ್’ ಬಂತು, ಅದರ ಹಿಂದೆ ಸಾಲು ಬಂತು, ಸಾಲಿನ ಹಿಂದೆ ಅವರ ಇಡೀ ಗಂಟಲು ಬಂತು. ಹೆಂಚಿನ ಮೇಲಿನ ರೊಟ್ಟಿ ಕರಿದಾಯಿತು. ಮಕ್ಸೂದ್ ಬಂದು ಒಲೆ ಆರಿಸಿ ಚೀಟಿ ಬರೆದರು: ‘ಏನಾತು?’ ನಾನು ಬಾಯಿಬಿಟ್ಟೇ ಹೇಳಿದೆ, "ಗವಾಯಿಗೋಳು ಬಂದಿದ್ರು." ಅವರು ಬಾಗಿಲ ಕಡೆ ನೋಡಿದರು, ಪಾಪ.

ನಿಮಿಷದ ಮಟ್ಟಿಗೆ ಇತ್ತು. ಸಂಜೆಗೆ ಹೋಯಿತು. ಮತ್ತೆ ಪತ್ರ ತೆಗೆದು ಓದಿದೆ, ಎರಡನೇ ಸಲ ಅಷ್ಟು ಸ್ಪಷ್ಟವಾಗಿ ಬರಲಿಲ್ಲ. ಅದಕ್ಕೆ ಉಳಿದದ್ದನ್ನು ಬೇಗ ಬರೆ.

ಮೂಗಿನ ವಿಷಯ. ಚಿಕ್ಕಂದಿನಲ್ಲಿ ಎತ್ತಿನ ಚಕ್ಕಡಿಯಿಂದ ಬಿದ್ದು ಅವರ ಮೂಗಿನ ಎಲುಬು ಬಾಗಿತ್ತು. ನಡುವಿನ ಸ್ವರಗಳಲ್ಲಿ ಮಾತ್ರ ಎಂದು ನೀನು ಬರೆದದ್ದನ್ನು ಈವರೆಗೆ ಯಾರೂ ಗಮನಿಸಿರಲಿಲ್ಲ, ನಾನು ಸಹ. ಆದರೆ ಓದಿದ ಕೂಡಲೇ ಹೌದು ಅನಿಸಿತು. ‘ಕ್ಯಾ ಬಾತ್ ಹೈ’ ಅನ್ನುವವನು ಕಾಳಿನ ವ್ಯಾಪಾರಿ ಇನಾಯತ್. ತೀರಿಕೊಂಡ. ನಿನ್ನಿಂದ ಪಾರಾದ.

ತಂಬೂರಿಯ ಹೆಂಗಸಿನ ಬಗ್ಗೆ ಮೂರೇ ಸಾಲು ಬರೆದಿದ್ದೀ. ಇರಲಿ.

ಜೀನತ್


ಜೇವರ್ಗಿ ಕಾಲೋನಿ
೧೨ ಮಾರ್ಚ್ ೨೦೨೪

ಪ್ರೀತಿಯ ಜೀನತ್,

ಇನ್ನೂ ಮೂರು ಕ್ಯಾಸೆಟ್ ಕೇಳಿದೆ. ಮೊದಲ ಪತ್ರದಲ್ಲಿ ನಾನು ಕಟುವಾಗಿ ಬರೆದೆನೆಂದು ಈಗ ಅನಿಸುತ್ತಿದೆ. ಗವಾಯಿಗಳ ಧ್ವನಿಯಲ್ಲಿ ಒಂದು ಗಾಂಭೀರ್ಯವಿದೆ. ಭೈರವಿಯಲ್ಲಿ ಹಾಡಿರುವ ಪದದಲ್ಲಿ ಮಾಧುರ್ಯವಿದೆ, ಭಕ್ತಿಯಿದೆ. ಕೇಳುತ್ತ ಕೇಳುತ್ತ ಮನಸ್ಸು ತುಂಬಿ ಬರುತ್ತದೆ. ಇಂಥ ಗಾಯಕರ ಹಾಡನ್ನು ಹತ್ತಿರದಿಂದ ಕೇಳಿದ ನೀನು ಭಾಗ್ಯವಂತಳು. ಅವರ ಗಾಯನ ನಿನ್ನ ಮನಸ್ಸಿನಲ್ಲಿ ಎಂದೆಂದಿಗೂ ಇರುತ್ತದೆ.

ಬಿಸಿಲು ಏರುತ್ತಿದೆ. ಆರೋಗ್ಯ ನೋಡಿಕೊ.

ನಿನ್ನ ಸುಮಂಗಲಾ


ಕಮಲಾಪುರ
೨೦ ಮಾರ್ಚ್ ೨೦೨೪

ಸುಮಂಗಲಾ,

ರೋಜಾ ಹಿಡಿದವಳಿಗೆ ಸಿಟ್ಟು ಬರಬಾರದು. ಬಂದಿದೆ.

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಅದರಲ್ಲಿ ಏನೂ ಕೇಳಿಸುವುದಿಲ್ಲ. ಗಾಂಭೀರ್ಯ, ಮಾಧುರ್ಯ, ಭಕ್ತಿ. ಸಂತಾಪ ಸಭೆಗೆ ಬಂದವಳ ಹಾಗೆ ಬರೆದಿದ್ದೀ. ಬೇರೆಯವರ ಪುಸ್ತಕದಲ್ಲಿ ಇಂಥ ಸಾಲು ಸಿಕ್ಕಿದ್ದರೆ ನಿನ್ನ ಪೆನ್ಸಿಲ್ ಹಾಳೆಯನ್ನು ಹರಿಯುತ್ತಿತ್ತು. ಮೂವತ್ತೆಂಟು ವರ್ಷದಲ್ಲಿ ನೀನು ನನ್ನನ್ನು ‘ಪ್ರೀತಿಯ’ ಎಂದು ಕರೆದಿರಲಿಲ್ಲ. ಅದನ್ನು ನೋಡಿಯೇ ಗೊತ್ತಾಯಿತು, ಯಾರೋ ನಿನಗೆ ಏನೋ ಹೇಳಿದ್ದಾರೆ ಎಂದು.

ಮಕ್ಸೂದರ ಮುಂದೆ ನಿಂತೆ. "ನೀವು ಸುಮಂಗಲಾಗ ಫೋನ್ ಮಾಡೀರಿ?" ಚೀಟಿ ಬಂತು: ‘ಇಲ್ಲ.’ ಟಿಕೆಟ್ ಇಲ್ಲದೆ ಸಿಕ್ಕವರ ಮುಖ ಹೇಗಿರುತ್ತದೆಂದು ಅವರೇ ನನಗೆ ಎಷ್ಟೋ ಸಲ ಅಭಿನಯ ಮಾಡಿ ತೋರಿಸಿದ್ದಾರೆ. ಈಗ ಅಭಿನಯ ಬೇಕಿರಲಿಲ್ಲ.

ಎಡಗಿವಿಯೂ ಹೋಗುತ್ತದೆಂದು ಡಾಕ್ಟರು ನನಗೂ ಹೇಳಿದ್ದಾರೆ. ಈ ವರ್ಷ, ಇಲ್ಲವೇ ಮುಂದಿನ ವರ್ಷ. ಅದಕ್ಕೇ ನಿನಗೆ ಬರೆದದ್ದು. ಕರುಣೆ ಇಲ್ಲಿ ಕಮಲಾಪುರದಲ್ಲಿಯೇ ಬೇಕಾದಷ್ಟು ಸಿಗುತ್ತದೆ, ಕಲಬುರಗಿಯಿಂದ ತರಿಸಬೇಕಿಲ್ಲ. ನನಗೆ ನಿನ್ನ ಕಿರಿಕಿರಿ ಬೇಕು. ಅದು ಬೇರೆಲ್ಲೂ ಸಿಗುವುದಿಲ್ಲ. ನಿನಗೆ ಅವರನ್ನು ಕಂಡರೆ ಆಗುವುದಿಲ್ಲ ತಾನೇ? ಆಗದಿರಲಿ. ಸರಿಯಾಗಿ ಆಗದಿರಲಿ.

ಜೀನತ್


ಜೇವರ್ಗಿ ಕಾಲೋನಿ
೩೧ ಮಾರ್ಚ್ ೨೦೨೪

ಜೀನತ್,

ನೀನು ಬರೆದದ್ದು ಸರಿ. ಆ ಪತ್ರವನ್ನು ಹರಿದುಹಾಕು.

ಮಕ್ಸೂದ್ ಭಾಯಿ ಫೋನು ಮಾಡಿದ್ದು ನಿಜ. ಅವರನ್ನು ಬಯ್ಯಬೇಡ. "ಎಡಗಿವೀನೂ ಉಳಿಯಂಗಿಲ್ಲ ಅಂತ ಡಾಕ್ಟರ್ ಅಂದಾರ್ರೀ ಬೆಹೆನ್. ಆಕಿಗಿ ಗೊತ್ತದ. ನಂಗ ಗೊತ್ತಿಲ್ಲ ಅಂತ ಆಕಿ ತಿಳಕೊಂಡಾಳ, ತಿಳಕೊಳ್ಳಲಿ. ನೀವು ಎರಡು ಛಲೋ ಮಾತು ಬರೀರಿ, ಸಾಕು," ಅಂದರು. ಫೋನು ಇಟ್ಟ ಮೇಲೆ ನನಗೆ ಅವರ ಹಾಡು ಕೇಳಲಾಗಲಿಲ್ಲ. ಆ ಮೂರು ಕ್ಯಾಸೆಟ್‌ಗಳನ್ನು ಕೇಳಿದೆ ಎಂದು ಬರೆದದ್ದು ಸುಳ್ಳು. ಪತ್ರ ಬರೆದ ಮೇಲೆ ಕೇಳಿದೆ. ಈಗ ಎಂಟು ಮುಗಿದಿವೆ.

ಆದರೆ ಸುಳ್ಳಿಗೆ ಕಿವಿ ಒಂದೇ ಕಾರಣವಲ್ಲ. ಇನ್ನೊಂದನ್ನು ಬರೆದುಬಿಡುತ್ತೇನೆ. ಎಂಬತ್ತೈದನೆಯ ಇಸವಿ ಸೆಪ್ಟೆಂಬರ್. ಕಸ್ತೂರಿಬಾಯಿಯ ಮಾಳಿಗೆಯ ಮೇಲೆ ನಾನು ಕೂದಲು ಒಣಗಿಸುತ್ತ ಕುಳಿತಿದ್ದೆ. ನೀನು ಊರಿನಿಂದ ಆಗಷ್ಟೇ ಬಂದಿದ್ದೆ. "ಗವಾಯಿಗೋಳು ನಂಗ ಹಾಡಾಕ ಕಲಿಸ್ತೀನಿ ಅಂದಾರ ಸುಮಂಗಲಾ. ಅಬ್ಬಾನೂ ಹೂಂ ಅಂದಾರ. ಹೋಗ್ಲ್ಯಾ?" ಅಂದೆ. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. "ಹೋಗು. ಆರು ತಿಂಗಳದಾಗ ನೀನೂ ಮೂಗಿನಾಗ ಅಳಾಕ ಹತ್ತತಿ. ಆಮ್ಯಾಗ ನನ್ನ ಖೋಲ್ಯಾಗ ಮಾತ್ರ ಇರಬ್ಯಾಡ," ಅಂದೆ. ನೀನು ನಕ್ಕೆ. ಆಮೇಲೆ ಆ ಮಾತನ್ನು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೀನು ಹೋಗಲಿಲ್ಲ.

ಒಬ್ಬಳು ಹಾಡುಗಾರ್ತಿಯಾಗುವುದು ನನ್ನ ಒಂದು ಸಣ್ಣ ಕಿರಿಕಿರಿಯಿಂದ ತಪ್ಪಿತು ಎಂದು ನಾನು ಬಹಳ ವರ್ಷಗಳಿಂದ ತಿಳಿದಿದ್ದೇನೆ. ಕಸ್ತೂರಿಬಾಯಿಯ ಅಂಗಳದಲ್ಲಿ ಮೆಟ್ಟಿಲು ಹತ್ತದಿದ್ದದ್ದೂ ಅದಕ್ಕೇ.

ಈಗ ದೂರುಗಳು. ಎಂಟನೆಯ ಕ್ಯಾಸೆಟ್‌ನಲ್ಲಿ ಅವರಿಗೆ ನೆಗಡಿಯಾಗಿದೆ. ಮೂಗು ಕಟ್ಟಿರುವುದರಿಂದ ಮೊದಲ ಬಾರಿಗೆ ನಡುವಿನ ಸ್ವರಗಳು ಬಾಯಿಯಿಂದ ಬರುತ್ತಿವೆ, ಅದು ಅವರಿಗೇ ಅಪರಿಚಿತವಾಗಿ ಅಲ್ಲಲ್ಲಿ ತಡೆದು ನಿಲ್ಲುತ್ತಾರೆ. ಪದದ ಕೊನೆಯ ಚರಣಕ್ಕೆ ಬಂದಾಗ, ಮುಗಿಸಲು ಮನಸ್ಸಿಲ್ಲದವರ ಹಾಗೆ, ಲಯವನ್ನು ಹಿಂದಕ್ಕೆ ಎಳೆಯುತ್ತಾರೆ. ತಬಲಾ ಮುಂದೆ ಹೋಗಿ ಕಾಯುತ್ತದೆ. ಬಸ್ ಹತ್ತಿದ ಮೇಲೂ ಕಿಟಕಿಯಲ್ಲಿ ಮಾತು ಮುಗಿಸದ ನೆಂಟರ ಹಾಗೆ.

ಹಿಂದಿನ ಹೆಂಗಸು ಇನ್ನೂ ತಡವಾಗಿಯೇ ನಿಲ್ಲಿಸುತ್ತಾಳೆ. ಅವರ ‘ಮ್’ ಅನ್ನು ಆಕೆಯೂ ಕಲಿತುಬಿಟ್ಟಿದ್ದಾಳೆ. ಒಂದು ಬೀಗವನ್ನು ಇಬ್ಬರು ಜಗ್ಗುತ್ತಿದ್ದಾರೆ.

ಸುಮಂಗಲಾ


ಕಮಲಾಪುರ
೧೫ ಏಪ್ರಿಲ್ ೨೦೨೪

ಸುಮಂಗಲಾ,

ಈದ್ ಮುಗಿಯಿತು. ಮನೆ ಖಾಲಿಯಾದ ಮೇಲೆ ಬರೆಯಲು ಕುಳಿತಿದ್ದೇನೆ.

ಆ ಹೆಂಗಸು ನಾನು.

ನೀನು ಅಷ್ಟು ದೊಡ್ಡ ಮನುಷ್ಯಳಾಗಿರಲಿಲ್ಲ, ನಿನ್ನ ಮಾತಿಗೆ ನಾನು ನಿಲ್ಲಲಿಲ್ಲ. ಶನಿವಾರ ಮಧ್ಯಾಹ್ನ ಊರಿಗೆ ಹೋಗುತ್ತಿದ್ದೆನಲ್ಲ, ಭಾನುವಾರ ಬೆಳಿಗ್ಗೆ ಗವಾಯಿಗಳ ಮನೆ. ಅಬ್ಬಾ ಅವರ ಜುಬ್ಬಾ ಹೊಲಿಯುತ್ತಿದ್ದ ದರ್ಜಿ. ಪ್ರತಿ ಭಾನುವಾರ ಹೊರಗಿನ ಕಟ್ಟೆಯ ಮೇಲೆ ಕುಳಿತು ಗುಂಡಿಗಳ ಕಾಜಾ ಹೊಲಿಯುತ್ತ ನನ್ನ ಪಾಠ ಮುಗಿಯುವವರೆಗೆ ಕಾಯುತ್ತಿದ್ದರು. ಅವರ ಸೂಜಿಗೆ ದಾರ ಪೋಣಿಸಿ ಕೊಟ್ಟು ನಾನು ಒಳಗೆ ಹೋಗುತ್ತಿದ್ದೆ. ಸಂಜೆಯ ಬಸ್ಸಿಗೆ ಗುಲ್ಬರ್ಗಾ. ಮಾಳಿಗೆಯ ಮೆಟ್ಟಿಲು ಹತ್ತುವ ಮೊದಲು ಕೆಳಗೆ ನಿಂತು ಒಂದು ಲೋಟ ನೀರು ಕುಡಿಯುತ್ತಿದ್ದೆ, ಗಂಟಲು ಮಾಮೂಲಿಯಾಗಲಿ ಎಂದು. ಕಸ್ತೂರಿಬಾಯಿಗೆ ಗೊತ್ತಿತ್ತು. "ಹೇಳಬ್ಯಾಡ ಬಿಡು, ಆಕಿ ಮೂಗು ಮುರೀತಾಳ," ಅಂದಿದ್ದರು.

ನಿನಗೆ ಹೆದರಿ ಮುಚ್ಚಿಡಲಿಲ್ಲ. ನೀನು ಮೂಗು ಮುರಿದರೆ ಅದು ಸರಿಯಾಗಿಯೇ ಇರುತ್ತದೆ ಎಂದು ಹೆದರಿದೆ. ಒಂದು ವರ್ಷ ಒಂದೇ ಕೋಣೆಯಲ್ಲಿ ಮಲಗಿದ್ದೆವು, ನೀನು ಒಂದು ಸಲವೂ ನನ್ನ ಹಾಡು ಕೇಳಿಲ್ಲ. ಕ್ಯಾಸೆಟ್‌ನಲ್ಲಿ ಗುರುತು ಹತ್ತದಿದ್ದದ್ದು ನಿನ್ನ ತಪ್ಪಲ್ಲ.

ಬಿಟ್ಟದ್ದೂ ನಿನ್ನಿಂದಲ್ಲ. ಎಂಬತ್ತೇಳರಲ್ಲಿ ಚಿಂಚೋಳಿಯ ಕಡೆ ನೌಕರಿಯಾಯಿತು, ಭಾನುವಾರ ಬಂದು ಹೋಗುವುದು ಆಗಲಿಲ್ಲ. ಆಮೇಲೆ ನಿಕಾಹ್, ಮಕ್ಕಳು, ವರ್ಗ. ಯಾರೂ ಬೇಡ ಅನ್ನಲಿಲ್ಲ. ಬಿಟ್ಟುಹೋಯಿತು, ಅಷ್ಟೇ. ಈ ಅಷ್ಟನ್ನು ನಿನ್ನ ತಲೆಯ ಮೇಲಿನಿಂದ ಇಳಿಸಿಬಿಡು. ಮೊದಲೇ ಕೇಳಿದ್ದರೆ ಮೊದಲೇ ಹೇಳುತ್ತಿದ್ದೆ.

ಗವಾಯಿಗಳ ಮನೆಯಲ್ಲಿ ಒಂದು ರೂಢಿ ಇತ್ತು. ಹೊಸ ಶಿಷ್ಯರು ಮೊದಲ ವರ್ಷ 'ಸಾ' ಬಿಟ್ಟು ಬೇರೆ ಸ್ವರ ಹಾಡುವಂತಿಲ್ಲ. ತಂಬೂರಿ ಹಿಡಿದು ಅವರ ಬೆನ್ನ ಹಿಂದೆ ಕುಳಿತು ಅದೊಂದನ್ನೇ ಹಿಡಿಯಬೇಕು. ಹಿಂದೆ ಕುಳಿತರೆ ಅವರ ಬಾಯಿ ಕಾಣುವುದಿಲ್ಲ, ನಿಲ್ಲಿಸಿದ್ದು ಬೆನ್ನು ನೋಡಿಯೇ ತಿಳಿಯಬೇಕು. ಅದಕ್ಕೆ ನಾನು ತಡ. ಒಂದೇ ಒಂದು ಭಾನುವಾರ ರೂಢಿ ಮುರಿದೆ. ಅವರಿಗೆ ಕೆಮ್ಮು ಬಂತು, ಹಾಡು ನಿಂತಿತು, ನಾನು ಸಾಲು ಎತ್ತಿಕೊಂಡೆ. ಯಾಕೆ ಎತ್ತಿಕೊಂಡೆ ಎಂದು ಇಂದಿಗೂ ಗೊತ್ತಿಲ್ಲ. ಅವರು ಬಯ್ಯಲಿಲ್ಲ, ಹೊಗಳಲಿಲ್ಲ. ಮರುವಾರದಿಂದ ಬೆನ್ನ ಹಿಂದೆ ಕೂಡಿಸುವುದನ್ನು ಬಿಟ್ಟು ಪಕ್ಕಕ್ಕೆ ಕೂಡಿಸಿದರು.

ಆ ದಿನ ಟೇಪ್ ನಡೆದಿತ್ತೋ ಇಲ್ಲವೋ ತಿಳಿಯದು. ಪೆನ್‌ಡ್ರೈವ್ ಕಳಿಸುವಾಗ ನನ್ನ ಧ್ವನಿ ಇರಬಹುದೆಂದು ನಿನಗೆ ಹೇಳಲಿಲ್ಲ. ಹೇಳದೆಯೇ ಯಾರಿಗಾದರೂ ಕೇಳಿಸುತ್ತದೆಯೇ ಎಂದು ನೋಡಬೇಕಿತ್ತು. ನಿನಗೆ ಕೇಳಿಸಿತು, ಮೂರು ಸಾಲಿನಷ್ಟು.

ಇನ್ನೂ ಮೂರು ಕ್ಯಾಸೆಟ್ ಉಳಿದಿವೆ. ಆ ಭಾನುವಾರ ಅವುಗಳಲ್ಲಿದ್ದರೆ ಹುಡುಕಿಕೊಡು. ಗವಾಯಿಗಳ ಧ್ವನಿ ಮರೆತೆ ಎಂದು ಬರೆದೆನಲ್ಲ, ನನ್ನದು ನನಗೆ ಆಗಲೂ ಗೊತ್ತಿರಲಿಲ್ಲ. ಹಾಡುವವಳಿಗೆ ತನ್ನ ಧ್ವನಿ ಹೊರಗಿನಿಂದ ಕೇಳಿಸುವುದಿಲ್ಲ. ಕೇಳಿಸಿಕೊಳ್ಳಬಹುದಾದ ಕಾಲಕ್ಕೆ ಕ್ಯಾಸೆಟ್ ಅಟ್ಟದ ಮೇಲಿತ್ತು. ನೀನು ಕೇಳಿ ಹೇಳು. ನಾನೆಂದು ಬಿಡಬೇಡ. ಅವರನ್ನು ಬಿಡದ ಹಾಗೆಯೇ ನನ್ನನ್ನೂ ಬಿಡಬೇಡ.

ಜೀನತ್


ಜೇವರ್ಗಿ ಕಾಲೋನಿ
೪ ಮೇ ೨೦೨೪

ಜೀನತ್,

ಒಂಬತ್ತರಲ್ಲಿ ಇಲ್ಲ. ಹತ್ತರಲ್ಲಿದೆ, ಇಪ್ಪತ್ತೆರಡನೆಯ ನಿಮಿಷದಿಂದ. ಆನಂದಕುಮಾರರನ್ನು ಸೂಪರ್ ಮಾರ್ಕೆಟ್‌ಗೆ ಕಳಿಸಿ, ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ ಹದಿನಾಲ್ಕು ಸಲ ಕೇಳಿದ್ದೇನೆ. ಕೇಳಿದ್ದನ್ನಷ್ಟೇ ಬರೆಯುತ್ತೇನೆ.

ಪದ ‘ನೀರ ಹೊತ್ತು ಬಂದಾಕಿ ನೆರಳ ಇಳಿಸ್ಯಾಳ.’ ಗವಾಯಿಗಳು ಎರಡನೆಯ ಚರಣದಲ್ಲಿದ್ದಾರೆ. ‘ನೆರಳ’ ಎನ್ನುವಲ್ಲಿ ಕೆಮ್ಮು ಹತ್ತುತ್ತದೆ. ಶ್ರುತಿಯಲ್ಲಿಲ್ಲದ ನಿಜವಾದ ಕೆಮ್ಮು. ಯಾರೋ ತಂಬಿಗೆ ತರುತ್ತಾರೆ. ತಬಲಾ ನಿಲ್ಲುವುದಿಲ್ಲ. ತಾಳದ ಒಂದು ಸುತ್ತು, ಒಂದು ಆವರ್ತ ಪೂರ್ತಿ, ಅದರ ಜೊತೆ ನಿನ್ನ ಷಡ್ಜ ಮಾತ್ರ ಇದೆ. ಎಂದಿನಂತೆ ತಡವಾಗಿ ನಿಲ್ಲಿಸುತ್ತೀ ಎಂದು ಕಾಯುತ್ತೇನೆ. ನಿಲ್ಲಿಸುವುದಿಲ್ಲ, ಸಾಲು ಎತ್ತಿಕೊಳ್ಳುತ್ತೀ.

ಮೊದಲ ಸಲ ಚೆನ್ನಾಗಿಲ್ಲ. ಪೂರ್ತಿ ಅವರಂತೆ ಹಾಡಲು ನೋಡಿದ್ದೀ. ನೆಟ್ಟಗಿರುವ ಮೂಗಿನಲ್ಲಿ ಬಾಗಿದ ಮೂಗಿನ ಧ್ವನಿ ತೆಗೆಯಲು ಹೋಗಿದ್ದೀ. ಕೊನೆಗೆ ‘ಮ್’ ಕೂಡ ಇದೆ. ಕಸ್ತೂರಿಬಾಯಿಯ ಮಾಳಿಗೆಯ ಮೇಲೆ ಕೂದಲು ಒಣಗಿಸುತ್ತಿದ್ದವಳು ಇದನ್ನು ಕೇಳಿದ್ದರೆ, ನಾನು ಹೇಳಲಿಲ್ಲವೇ, ಅನ್ನುತ್ತಿದ್ದಳು.

ಎರಡನೆಯ ಸಲಕ್ಕೆ ಅವರಷ್ಟು ಉಸಿರು ನಿನ್ನಲ್ಲಿಲ್ಲ. ‘ನೀರ ಹೊತ್ತು’ ಆದ ಮೇಲೆ ಉಸಿರು ಮುಗಿದು ಅಲ್ಲಿ ನಿಲ್ಲುತ್ತೀ. ಅಲ್ಲಿ ನಿಂತದ್ದರಿಂದ ‘ಬಂದಾಕಿ’ಯನ್ನು ಹೊಸದಾಗಿ ಎತ್ತಬೇಕಾಗುತ್ತದೆ, ಎತ್ತುವ ಆತುರದಲ್ಲಿ ಅವರಂತೆ ಹಾಡುವುದನ್ನು ಮರೆಯುತ್ತೀ. ಬಾಯಿ ತೆರೆಯುತ್ತದೆ. ನಿನ್ನ ಧ್ವನಿ ನಾನು ಎಣಿಸಿದ್ದಕ್ಕಿಂತ ಕೆಳಗಿನದು. ಅದು ನಯವಾಗಿಲ್ಲ. ಕೆಳಗಿನ ಅಂಚಿನಲ್ಲಿ ಸ್ವಲ್ಪ ಒರಟಿದೆ, ಹೊಸ ಖಾದಿಯನ್ನು ಉಗುರಿನಿಂದ ಗೀರಿ ಮಡಿಸಿದ ಹಾಗೆ. ಸಾಲಿನ ಕೊನೆಯ ಸ್ವರವನ್ನು ಬೇಗ ಬಿಡುತ್ತೀ. ಬಿಟ್ಟ ಮೇಲೆ ತಿರುಗಿ ನೋಡುವುದಿಲ್ಲ. ‘ನೆರಳ’ ಎನ್ನುವಾಗ ಶ್ರುತಿಗಿಂತ ಕೂದಲೆಳೆಯಷ್ಟು ಕೆಳಗಿದ್ದೀ. ಆ ತಪ್ಪು ಕೊನೆಯವರೆಗೂ ಸರಿಹೋಗುವುದಿಲ್ಲ. ಆದರೆ ಆ ಶಬ್ದ ಅಲ್ಲಿ ಇಳಿದದ್ದು ನನಗೆ ಎಲ್ಲಿಯೂ ಕಿರಿಕಿರಿ ಮಾಡಲಿಲ್ಲ. ಯಾಕೆಂದು ಹದಿನಾಲ್ಕು ಸಲ ಕೇಳಿದರೂ ತಿಳಿಯಲಿಲ್ಲ.

ಮೂರನೆಯ ಸಲ ನೀನು ಮೇಲೆ ಹೋಗುತ್ತೀ. ಹಗ್ಗಕ್ಕಾಗಿ ಕೂಗಿದ ಹಾಗಿಲ್ಲ. ಮೆಟ್ಟಿಲು ಹತ್ತುವವರು ನಡುವೆ ನಿಂತು ಸೆರಗು ಸರಿಮಾಡಿಕೊಳ್ಳುತ್ತಾರಲ್ಲ, ಹಾಗೆ ಒಂದು ಕಡೆ ನಿಲ್ಲುತ್ತೀ, ಮತ್ತೆ ಹತ್ತುತ್ತೀ. ಅಲ್ಲಿ ನಬಿಸಾಬರು ಕೈ ಹಗುರ ಮಾಡುತ್ತಾರೆ. ಹೊರಗೆ ಕಟ್ಟೆಯ ಕಡೆಯಿಂದ ಗಂಡಸೊಬ್ಬರು ಏನೋ ಕೇಳುತ್ತಾರೆ, ಇನ್ನೊಬ್ಬರು ಮೆತ್ತಗೆ ‘ಚುಪ್’ ಅನ್ನುತ್ತಾರೆ. ಚುಪ್ ಅಂದವರು ನಿಮ್ಮ ಅಬ್ಬಾ ಇರಬೇಕು.

ನಾಲ್ಕನೆಯ ಸಲ ಶುರುವಾಗುವ ಹೊತ್ತಿಗೆ ತಂಬಿಗೆಯನ್ನು ನೆಲಕ್ಕೆ ಇಟ್ಟ ಸದ್ದು ಸ್ಪಷ್ಟವಾಗಿ ಇದೆ. ಅಂದರೆ ಗವಾಯಿಗಳು ನೀರು ಕುಡಿದು ಮುಗಿಸಿದ್ದಾರೆ. ಅವರ ಉಸಿರು ಹತ್ತಿರದಲ್ಲಿ ಕೇಳಿಸುತ್ತದೆ, ಸರಿಯಾಗಿ ಆಡುತ್ತಿದೆ. ಅವರು ಹಾಡಬಹುದು, ಹಾಡುವುದಿಲ್ಲ. ಇಡೀ ಒಂದು ಆವರ್ತ ನಿನಗೆ ಬಿಡುತ್ತಾರೆ. ಅದು ಮುಗಿದ ಮೇಲೆ ಅವರ ಆ ‘ಹಾಂ’ ಬರುತ್ತದೆ. ಇದೊಂದು ‘ಹಾಂ’ ತನಗೆ ತಾನು ಹೇಳಿಕೊಂಡದ್ದಲ್ಲ.

ಆಮೇಲೆ ಅವರು ಸಾಲನ್ನು ನಿನ್ನಿಂದ ತೆಗೆದುಕೊಂಡು ಹಾಡತೊಡಗುತ್ತಾರೆ. ನೀನು ಷಡ್ಜಕ್ಕೆ ಹೋಗುತ್ತೀ.

ಅವರ ಮೇಲೆ ನನ್ನ ದೂರುಗಳು ನಿನಗೆ ಗೊತ್ತಿವೆ. ಎಲ್ಲಕ್ಕಿಂತ ದೊಡ್ಡದು ಇದು. ಅವರು ಇನ್ನೊಂದು ಆವರ್ತ ಕೆಮ್ಮಬಹುದಿತ್ತು.

ಸುಮಂಗಲಾ